ಪೌಲ್ಸ್‌ಕಿರ್ಶೆಯಲ್ಲಿ ಅಪ್ಪ ಕೇಳಿದ ಪ್ರಶ್ನೆ

ಅಪ್ಪ 31 ವರ್ಷ ವಿಧಾನಸೌಧದಲ್ಲಿ ಶಾರ್ಟ್‌ಹ್ಯಾಂಡ್ ಬರೆದವರು. ಸದನ ನಡೆಯುವಾಗ ಸರದಿಯ ಮೇಲೆ ಒಳಗೆ ಹೋಗಿ ಕೂತು, ಸದಸ್ಯರು ಆಡಿದ ಮಾತನ್ನೆಲ್ಲ ಗೀಟು, ಚುಕ್ಕಿ, ಕೊಂಡಿಗಳಲ್ಲಿ ಹಿಡಿದು, ಮುಂದಿನವರು ಬಂದ ಮೇಲೆ ಎದ್ದು ಬಂದು ಅದನ್ನು ಬಿಡಿಸಿ ಬರೆಯುವ ಕೆಲಸ. ಕಲಾಪ ರಾತ್ರಿಯವರೆಗೆ ಎಳೆದ ದಿನ ನಾವು ಮಕ್ಕಳೆಲ್ಲ ಮಲಗಿದ ಮೇಲೆ ಮನೆಗೆ ಬರುತ್ತಿದ್ದರು. ಬಂದವರು ಊಟಕ್ಕೆ ಕೂತಾಗ ಅಮ್ಮ ಏನೋ ಹೇಳುತ್ತಿದ್ದರೆ, ಬಲಗೈ ಬೆರಳು ತಟ್ಟೆಯ ಪಕ್ಕದಲ್ಲಿ ತಾನಾಗಿ ಬರೆಯುತ್ತಿರುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪ ಅಮ್ಮ ಮೂರು ತಿಂಗಳು ಫ್ರಾಂಕ್‌ಫರ್ಟಿಗೆ ಬಂದು ನಮ್ಮ ಜೊತೆಗಿದ್ದರು. ನಾನು ಈ ಊರಿಗೆ ಬಂದು ಒಂಬತ್ತು ವರ್ಷ. ದಿನಾ ಟ್ರಾಮಿನಲ್ಲಿ ಕೆಂಪು ಕಲ್ಲಿನ, ಮೊಟ್ಟೆಯಾಕಾರದ ಒಂದು ಕಟ್ಟಡದ ಪಕ್ಕ ಹಾದುಹೋಗುತ್ತೇನೆ. ಅದೇ ಪೌಲ್ಸ್‌ಕಿರ್ಶೆ. ಸಂತ ಪೌಲನ ಹೆಸರಿನಲ್ಲಿ ಕಟ್ಟಿದ ಇಗರ್ಜಿ, 1833ರಲ್ಲಿ ಮುಗಿದದ್ದು. 1848ರ ಮೇ 18ರಿಂದ ಸುಮಾರು ಒಂದು ವರ್ಷ ಜರ್ಮನರ ಮೊದಲ ರಾಷ್ಟ್ರೀಯ ಸಂಸತ್ತು ಕೂತದ್ದು ಇಲ್ಲಿ. ಅಪ್ಪನನ್ನು ಇಲ್ಲಿಗೆ ಕರೆದುಕೊಂಡು ಬರಬೇಕು ಅಂತ ವೀಸಾ ಸಿಕ್ಕ ದಿನವೇ ಅಂದುಕೊಂಡಿದ್ದೆ.

ಒಳಗೆ ಹೋದರೆ ಮೊದಲು ನಿರಾಸೆಯಾಗುತ್ತದೆ. ಬಿಳಿ ಗೋಡೆ, ಸಾದಾ ಕುರ್ಚಿಗಳು, ಅಷ್ಟೆ. 1944ರ ಮಾರ್ಚಿನ ಬಾಂಬು ದಾಳಿಯಲ್ಲಿ ಇದು ಸುಟ್ಟುಹೋಗಿ ಗೋಡೆ ಮಾತ್ರ ಉಳಿದಿತ್ತು. ಯುದ್ಧ ಮುಗಿದು ಊರೆಲ್ಲ ಕಲ್ಲುರಾಶಿಯಾಗಿದ್ದರೂ ಇದನ್ನು ಮತ್ತೆ ಎಬ್ಬಿಸಿ, ಸರಿಯಾಗಿ ನೂರು ವರ್ಷ ತುಂಬಿದ ದಿನ, 1948ರ ಮೇ 18ರಂದು ಬಾಗಿಲು ತೆರೆದರು. ಹೊಸದರಲ್ಲಿ ಒಡವೆ ವಸ್ತ್ರ ಯಾವುದೂ ಬೇಡ ಎಂದು ಬೇಕೆಂದೇ ಹೀಗೆ ಬೋಳಾಗಿ ಬಿಟ್ಟರಂತೆ. ಅಪ್ಪ ಒಂದು ಕುರ್ಚಿಯಲ್ಲಿ ಕೂತು ಸುತ್ತ ನೋಡಿದರು. ಪ್ರವಾಸಿಗಳು ಕೇಳುವ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. "ಮಗಾ, ಇಲ್ಲಿ ಸದನ ನಡೀತಿದ್ದಾಗ ಬರ್ಕೊಂಡೋರು ಯಾರು?" ಅಂದರು.

ಬರೆದುಕೊಂಡವರ ಹೆಸರು ಇದೆ ಅಪ್ಪಾ, ಅಂದೆ. ಫ್ರಾನ್ಜ್ ವೀಗಾರ್ಡ್. ಡ್ರೆಸ್ಡನ್ನಿನ ಶೀಘ್ರಲಿಪಿ ಪಂಡಿತ, ತಾನೇ ಆ ಸಂಸತ್ತಿನ ಸದಸ್ಯ ಕೂಡ. ಮ್ಯೂನಿಕ್ಕಿನ ಗಾಬೆಲ್ಸ್‌ಬರ್ಗರ್ ಎಂಬ ಗುಮಾಸ್ತ 1834ರಲ್ಲಿ ಪ್ರಕಟಿಸಿದ್ದ ಶೀಘ್ರಲಿಪಿ ಆಗಿನ್ನೂ ಹೊಸದು. ಅದರಲ್ಲಿ ಹಿಡಿದ ಕಲಾಪವನ್ನೆಲ್ಲ ವೀಗಾರ್ಡ್ ಸಂಪಾದಿಸಿ ಒಂಬತ್ತು ದಪ್ಪ ಸಂಪುಟ ಮಾಡಿ ಅಚ್ಚು ಹಾಕಿಸಿದ. ಅವು ಈಗಲೂ ಇವೆ, ಕಂಪ್ಯೂಟರಿನಲ್ಲಿ ಪುಟ ಪುಟವಾಗಿ ಸಿಗುತ್ತವೆ. ಇದನ್ನು ಕೇಳಿದ ಮೇಲೆ ಅಪ್ಪನಿಗೆ ರೈನ್ ನದಿಯ ದೋಣಿವಿಹಾರವೂ ಬೇಡ, ಬೇರೆ ಊರೂ ಬೇಡ. ರಾತ್ರಿ ಊಟವಾದ ಮೇಲೆ "ತೆಗಿ ಅದನ್ನ" ಅನ್ನುತ್ತಿದ್ದರು. ನಾನು ಹಳೆಯ ಗೋಥಿಕ್ ಅಕ್ಷರಗಳಲ್ಲಿ ತಡವರಿಸುತ್ತ ಓದಿ ಕನ್ನಡದಲ್ಲಿ ಹೇಳುವುದು, ಅವರು ಕೇಳುವುದು.

ಅಪ್ಪನಿಗೆ ಮೊದಲು ಹಿಡಿಸಿದ್ದು ಆವರಣಗಳು. ಭಾಷಣದ ನಡುನಡುವೆ ಎಡಗಡೆಯಿಂದ ಶಹಬ್ಬಾಸ್, ಬಲಗಡೆಯಿಂದ ಗದ್ದಲ, ನಗು ಎಂದು ಕಂಸದೊಳಗೆ ಬರೆದಿದ್ದಾರೆ. "ನಾವೂ ಹೀಗೇ ಬರೀತಿದ್ವಿ" ಎಂದು ಮುಖ ಅರಳಿಸಿದರು. ಈ ಎಡ, ಈ ಬಲ ಜರ್ಮನ್ ರಾಜಕೀಯಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದೇ ಈ ಸಭಾಂಗಣದಲ್ಲಿ. ಇಲ್ಲಿ ಪಕ್ಷಗಳಿರಲಿಲ್ಲ. ಸಂಜೆ ಯಾವ ಹೋಟೆಲಿನಲ್ಲಿ ಸೇರಿ ಮರುದಿನದ ಮತದ ಬಗ್ಗೆ ಮಾತಾಡಿಕೊಳ್ಳುತ್ತಿದ್ದರೋ ಆ ಹೋಟೆಲಿನ ಹೆಸರೇ ಗುಂಪಿನ ಹೆಸರು. ಕಸೀನೊ, ವ್ಯೂರ್ಟೆಂಬರ್ಗರ್ ಹೋಫ್, ಡಾಯ್ಚರ್ ಹೋಫ್, ತೀರಾ ಎಡದವರ ಡೊನರ್ಸ್‌ಬರ್ಗ್. ಬೆಂಗಳೂರಿನ ಶಾಸಕರ ಭವನವನ್ನು ಮೂವತ್ತು ವರ್ಷ ಹತ್ತಿರದಿಂದ ನೋಡಿದ ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ ಅನ್ನುವುದನ್ನು ಮಾತ್ರ ವಿವರಿಸಬೇಕಾಯಿತು. ಪ್ರಷ್ಯಾ, ಆಸ್ಟ್ರಿಯಾದಂಥ ದೊಡ್ಡವು, ಬೆರಳಗಲದ ಸಂಸ್ಥಾನಗಳು, ಫ್ರಾಂಕ್‌ಫರ್ಟಿನಂಥ ಸ್ವತಂತ್ರ ನಗರಗಳು ಸೇರಿದ ಒಂದು ಸಡಿಲ ಒಕ್ಕೂಟ. 1848ರ ಮಾರ್ಚಿನಲ್ಲಿ ಬೀದಿಬೀದಿಯಲ್ಲಿ ಜನ ಎದ್ದ ಮೇಲೆ ರಾಜರು ಹೆದರಿ, ಎಲ್ಲರನ್ನೂ ಒಂದು ದೇಶವಾಗಿ ಕೂಡಿಸುವ ಸಂವಿಧಾನ ಬರೆಯಲು ಒಂದು ಸಭೆಯ ಚುನಾವಣೆಗೆ ಒಪ್ಪಿದರು. ವಯಸ್ಕ, 'ಸ್ವಾವಲಂಬಿ' ಗಂಡಸರಿಗೆ ಮತ. ಸ್ವಾವಲಂಬಿ ಅಂದರೆ ಯಾರು ಎಂದು ಆಯಾ ಸಂಸ್ಥಾನ ತನಗೆ ತೋಚಿದಂತೆ ತೀರ್ಮಾನಿಸಿತು, ಹಾಗಾಗಿ ಕೆಲವು ಕಡೆ ಮನೆಯಾಳು, ಕೂಲಿಯವರು ಹೊರಗುಳಿದರು. ಹೆಂಗಸರಿಗೆ ಮತವಿಲ್ಲ. ಅವರು ಮೇಲಿನ ಗ್ಯಾಲರಿಯಲ್ಲಿ ಕೂತು ನೋಡಬಹುದಿತ್ತು, ನೋಡಲು ಬಹಳ ಮಂದಿ ಬಂದರು ಕೂಡ. ಮೊದಲ ದಿನ ಮುನ್ನೂರಕ್ಕೂ ಹೆಚ್ಚು ಸದಸ್ಯರು ಪಕ್ಕದ ರೋಮರ್ ಭವನದಲ್ಲಿ ಸೇರಿ, ಗಂಟೆ, ಫಿರಂಗಿಗಳ ಸದ್ದಿನ ನಡುವೆ ಮೆರವಣಿಗೆಯಲ್ಲಿ ಇಲ್ಲಿಗೆ ನಡೆದುಬಂದರು. ರಾಜೀನಾಮೆ, ಬದಲಿ ಎಲ್ಲ ಸೇರಿ ಆ ವರ್ಷದಲ್ಲಿ 800ಕ್ಕೂ ಹೆಚ್ಚು ಜನ ಇಲ್ಲಿ ಸದಸ್ಯರಾಗಿದ್ದರು.

ಇದನ್ನು ಪ್ರೊಫೆಸರುಗಳ ಸಂಸತ್ತು ಎಂದು ಇಲ್ಲಿನವರು ಈಗಲೂ ಅನ್ನುತ್ತಾರೆ. ನಿಜಕ್ಕೂ ಹೆಚ್ಚಿದ್ದವರು ನ್ಯಾಯಾಧೀಶರು, ವಕೀಲರು, ಸರ್ಕಾರಿ ಅಧಿಕಾರಿಗಳು. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ವಿಶ್ವವಿದ್ಯಾಲಯ ಕಂಡವರು. ಕಸಬುದಾರರು ಬೆರಳೆಣಿಕೆ, ಕಾರ್ಖಾನೆಯ ಕೂಲಿಯಾಳು ಒಬ್ಬನೂ ಇಲ್ಲ. ಕಾಲ್ಪನಿಕ ಕಥೆಗಳಿಂದ ನಾವೆಲ್ಲ ಬಲ್ಲ ಗ್ರಿಮ್ ಸಹೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ ಇದ್ದ. ಜರ್ಮನ್ ನೆಲ ಯಾರ ದಾಸ್ಯವನ್ನೂ ಸಹಿಸುವುದಿಲ್ಲ, ಅದರ ಮೇಲೆ ಕಾಲಿಟ್ಟ ಪರದೇಶದ ಗುಲಾಮನೂ ಬಿಡುಗಡೆ ಹೊಂದುತ್ತಾನೆ ಎಂಬುದೇ ಸಂವಿಧಾನದ ಮೊದಲ ಕಲಮಾಗಲಿ ಎಂದು ಅವನು ಸೂಚಿಸಿದ್ದ. ಅದು ಮತಕ್ಕೆ ಹೋಗಿ ಬಿದ್ದುಹೋಯಿತು. ನನಗೆ ಇದು ಇವತ್ತಿಗೂ ನೋವು ತರುತ್ತದೆ.

ಹ್ಯಾಂಬರ್ಗಿನ ಗಾಬ್ರಿಯೆಲ್ ರೀಸರ್ ಇದ್ದ. ಯೆಹೂದಿ ಎಂಬ ಒಂದೇ ಕಾರಣಕ್ಕೆ ಹುಟ್ಟಿದೂರಿನಲ್ಲಿ ವಕೀಲಿಕೆಗೆ ಬಿಟ್ಟಿರಲಿಲ್ಲ. ಆಗಸ್ಟಿನಲ್ಲಿ ಒಬ್ಬ ಸದಸ್ಯ ಯೆಹೂದಿಗಳಿಗೆ ಬೇರೆ ಕಾನೂನು ಬೇಕು ಎಂದಾಗ, ಪೀಡನೆಗೊಳಗಾದ ಜನರ ಹೆಸರಿನಲ್ಲಿ ಮಾತನಾಡುವ ಹಕ್ಕು ನನಗಿದೆ ಎಂದು ರೀಸರ್ ಎದ್ದು ನಿಂತ. ಆ ಸೂಚನೆ ಬಿತ್ತು. ಅಕ್ಟೋಬರಿನಲ್ಲಿ ಅದೇ ಸಭೆ ಅವನನ್ನು ಉಪಾಧ್ಯಕ್ಷನನ್ನಾಗಿ ಆರಿಸಿತು. ಈ ಪುಟಗಳನ್ನು ಅಪ್ಪ ಎರಡು ಸಲ ಓದಿಸಿಕೊಂಡರು.

ಎಲ್ಲವೂ ಹೀಗೇ ಬೆಳಕಿನದಲ್ಲ. ಜುಲೈಯಲ್ಲಿ ಪೋಲಿಷರ ಪೋಸೆನ್ ಪ್ರಾಂತ್ಯದ ಚರ್ಚೆ ಬಂದಾಗ, ತಮಗೆ ಬೇಕೆಂದ ಸ್ವಾತಂತ್ರ್ಯವನ್ನೇ ಪೋಲಿಷರು ಕೇಳಿದರೆ ಬಹುಪಾಲು ಸದಸ್ಯರು ತಿರುಗಿಬಿದ್ದರು. ವಿಲ್ಹೆಲ್ಮ್ ಯೋರ್ಡಾನ್ ಎಂಬ ಕವಿ ರಾಷ್ಟ್ರಕ್ಕೆ ಆರೋಗ್ಯಕರ ಸ್ವಾರ್ಥ ಇರಬೇಕು ಎಂದ, ಸಭೆ ಅವನ ಕಡೆ ನಿಂತಿತು. ಸೆಪ್ಟೆಂಬರ್ ಇನ್ನೂ ಕೆಟ್ಟದು. ಡೆನ್ಮಾರ್ಕಿನ ಜೊತೆಗಿನ ಯುದ್ಧವನ್ನು ಪ್ರಷ್ಯಾ ಈ ಸಂಸತ್ತನ್ನು ಕೇಳದೆಯೇ ನಿಲ್ಲಿಸಿತು. ಸಭೆ 5ನೇ ತಾರೀಕು 238 ಮತಗಳಿಂದ ಬೇಡ ಎಂದಿತು, 221 ಬೇಕು ಎಂದವು. 16ಕ್ಕೆ ಅದೇ ಸಭೆ ಒಪ್ಪಿಕೊಂಡಿತು. ಒಪ್ಪದೆ ಬೇರೆ ದಾರಿ ಇರಲಿಲ್ಲ, ಏಕೆಂದರೆ ಅದಕ್ಕೆ ತನ್ನದೆನ್ನುವ ಸೈನ್ಯ ಇರಲಿಲ್ಲ, ತೆರಿಗೆ ಎತ್ತುವವರು ಇರಲಿಲ್ಲ. ಎರಡು ದಿನಕ್ಕೆ ಫ್ರಾಂಕ್‌ಫರ್ಟಿನ ಬೀದಿಗಳಲ್ಲಿ ಅಡ್ಡಗಟ್ಟೆ ಎದ್ದವು, ಲಿಖ್ನೋವ್‌ಸ್ಕಿ ಮತ್ತು ಔವರ್ಸ್‌ವಾಲ್ಡ್ ಎಂಬ ಇಬ್ಬರು ಸದಸ್ಯರನ್ನು ಜನರ ಗುಂಪು ಕೊಂದಿತು. ನವೆಂಬರ್ 9ರಂದು ಎಡದವರ ನಾಯಕ ರೋಬರ್ಟ್ ಬ್ಲೂಮ್‌ನನ್ನು, ಸಂಸತ್ ಸದಸ್ಯನೆಂಬ ರಕ್ಷಣೆಯನ್ನೂ ಲೆಕ್ಕಿಸದೆ, ಆಸ್ಟ್ರಿಯಾದ ಸೈನ್ಯ ವಿಯೆನ್ನಾದಲ್ಲಿ ಗುಂಡಿಕ್ಕಿ ಕೊಂದಿತು.

ಆ ಚಳಿಗಾಲಕ್ಕೆ ಈ ಇಗರ್ಜಿಯಲ್ಲಿ ಬೆಂಕಿಯ ಏರ್ಪಾಡಿರಲಿಲ್ಲ. ಅದನ್ನು ಕೂಡಿಸುವ ತನಕ ಊರಿನ ಇನ್ನೊಂದು ಇಗರ್ಜಿಯಲ್ಲಿ ಕೂತು, ಡಿಸೆಂಬರ್ 27ಕ್ಕೆ ಮೂಲಭೂತ ಹಕ್ಕುಗಳ ಕಾನೂನನ್ನು ಹೊರಡಿಸಿದರು. ಕಾನೂನಿನ ಮುಂದೆ ಎಲ್ಲರೂ ಸಮಾನರು. ಪತ್ರಿಕೆಗೆ, ಸಭೆ ಸೇರುವುದಕ್ಕೆ, ನಂಬಿಕೆಗೆ ತಡೆಯಿಲ್ಲ. ಛಡಿಯೇಟು ರದ್ದು, ಸೈನಿಕ ಕಾನೂನಿನಂಥ ಕೆಲವು ಸಂದರ್ಭ ಬಿಟ್ಟರೆ ಮರಣದಂಡನೆಯೂ ರದ್ದು. ಇಲ್ಲಿನ ನನ್ನ ಜರ್ಮನ್ ಗೆಳೆಯನೊಬ್ಬ, ಸೈನ್ಯ ಕಟ್ಟುವ ಹೊತ್ತಿನಲ್ಲಿ ತಿಂಗಳುಗಟ್ಟಲೆ ಹಕ್ಕುಗಳ ಬಗ್ಗೆ ಮಾತಾಡಿ ಅವಕಾಶ ಕಳಕೊಂಡರು ಅನ್ನುತ್ತಾನೆ. ಶಾಲೆಯಲ್ಲಿ ಅವನಿಗೆ ಹಾಗೇ ಕಲಿಸಿದ್ದಾರೆ. ನಾನು ಒಪ್ಪುವುದಿಲ್ಲ. ಆ ಮಾತುಗಳನ್ನು ಅವತ್ತು ಆಡದೆ, ಬರೆದಿಡದೆ ಇದ್ದಿದ್ದರೆ 1919ರಲ್ಲಿ ವೈಮಾರಿನಲ್ಲಿ, 1948-49ರಲ್ಲಿ ಬಾನ್‌ನಲ್ಲಿ ಸಂವಿಧಾನ ಬರೆಯಲು ಕೂತವರ ಮೇಜಿನ ಮೇಲೆ ಏನಿರುತ್ತಿತ್ತು?

1849ರ ಮಾರ್ಚ್ 28ರಂದು ಸಂವಿಧಾನ ಮುಗಿಯಿತು, ಪ್ರಷ್ಯಾದ ದೊರೆಯನ್ನು 290 ಮತಗಳಿಂದ ಚಕ್ರವರ್ತಿಯಾಗಿ ಆರಿಸಿದರು. 248 ಜನ ಮತ ಹಾಕಲಿಲ್ಲ. ಸಭಾಧ್ಯಕ್ಷ ಏಡುವಾರ್ಡ್ ಸಿಮ್ಸನ್ ನಿಯೋಗ ಕಟ್ಟಿಕೊಂಡು ಬರ್ಲಿನ್ನಿಗೆ ಹೋದ. ಜನ ಕೊಡುವ ಕಿರೀಟ ತನಗೆ ಬೇಡ ಎಂದು ದೊರೆ ವಾಪಸ್ ಕಳಿಸಿದ. ಅಲ್ಲಿಗೆ ಎಲ್ಲ ಕುಸಿಯಿತು. ಆಸ್ಟ್ರಿಯಾ, ಪ್ರಷ್ಯಾ ತಮ್ಮ ಸದಸ್ಯರನ್ನು ಹಿಂದಕ್ಕೆ ಕರೆದವು, ಕುರ್ಚಿಗಳು ಖಾಲಿಯಾಗುತ್ತ ಬಂದವು. ಮೇ 30ರಂದು, ಸ್ಟುಟ್‌ಗಾರ್ಟಿಗೆ ಹೋಗೋಣವೆಂಬ ತೀರ್ಮಾನಕ್ಕೆ ಬಿದ್ದ ಮತ 71, ವಿರುದ್ಧ 64. ಅಲ್ಲಿಗೆ ಹೋದವರು ಸುಮಾರು ನೂರು ಮಂದಿ. ಜೂನ್ 18ರಂದು ಅವರು ಸಾಲಾಗಿ ಸಭೆಗೆ ನಡೆದು ಹೊರಟರು. ಮುಂದೆ ಅಧ್ಯಕ್ಷ ಲೋವೆ, ಪಕ್ಕದಲ್ಲಿ 62 ವರ್ಷದ ಕವಿ ಲುಡ್ವಿಗ್ ಊಲಂಡ್. ಬೀದಿಗೆ ಅಡ್ಡಲಾಗಿ ಸೈನ್ಯ ನಿಂತಿತ್ತು. ಕುದುರೆಗಳನ್ನು ಮೇಲೆ ಬಿಟ್ಟು ಚದುರಿಸಿದರು.

ಅಪ್ಪ ಆ ರಾತ್ರಿ ಬಹಳ ಹೊತ್ತು ಸುಮ್ಮನಿದ್ದರು. "ಕೋರಂ ಬೆಲ್ ಹೊಡೆದಾಗ ಕುರ್ಚಿಗಳು ಖಾಲಿ ಇರೋದನ್ನ ನಾನೂ ನೋಡಿದೀನಿ" ಅಂದರು. "ಆದ್ರೆ ಸದಸ್ಯರು ಬರ್ತಾ ಇದ್ದು, ಬಾಗಿಲು ಮುಚ್ಚಿರೋದನ್ನ ನೋಡಿಲ್ಲ."

ಅವರಿಗೆ ಖುಷಿ ಕೊಡಲೆಂದು ಇನ್ನೊಂದು ವಿಷಯ ಹೇಳಿದೆ. ಜರ್ಮನ್ ಪುಸ್ತಕ ವ್ಯಾಪಾರಿಗಳು ಪ್ರತಿ ವರ್ಷ ಕೊಡುವ ಶಾಂತಿ ಪ್ರಶಸ್ತಿಯನ್ನು ಇದೇ ಸಭಾಂಗಣದಲ್ಲಿ ನೀಡುತ್ತಾರೆ. 1961ರಲ್ಲಿ ಅದು ಸಂದದ್ದು ಸರ್ವೇಪಲ್ಲಿ ರಾಧಾಕೃಷ್ಣನ್ ಅವರಿಗೆ. ಆಗ ಅವರು ಉಪರಾಷ್ಟ್ರಪತಿ, ಅಂದರೆ ನಮ್ಮ ರಾಜ್ಯಸಭೆಯ ಸಭಾಪತಿ. "ಮಹಾರಾಜಾ ಕಾಲೇಜಲ್ಲಿ ಪಾಠ ಮಾಡಿದೋರು!" ಎಂದು ಅಪ್ಪ ಥಟ್ಟನೆ ನೆಟ್ಟಗೆ ಕೂತರು. 1921ರಲ್ಲಿ ಅವರು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಹೂವಿನ ಸಾರೋಟನ್ನು ಮೈಸೂರಿನ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದ ಕಥೆಯನ್ನು ಅಮ್ಮನಿಗೂ, ನನ್ನ ಮಗಳಿಗೂ ಹೊಸದಾಗಿ ಹೇಳಿದರು.

ಹೊರಡುವ ಹಿಂದಿನ ದಿನ ಸೂಟ್‌ಕೇಸು ಕಟ್ಟುತ್ತಿದ್ದಾಗ ನಾನೇ ಸಂವಿಧಾನದ 188ನೇ ಕಲಮನ್ನು ತೆಗೆದೆ. ಇದನ್ನು ಅವರಿಗೆ ಓದಿ ಹೇಳದೆ ಕಳಿಸಬಾರದು ಅನ್ನಿಸಿತ್ತು. ಜರ್ಮನ್ ಆಡದ ಜನಾಂಗಗಳಿಗೆ ತಮ್ಮತನದಲ್ಲಿ ಬೆಳೆಯುವ ಹಕ್ಕಿನ ಭರವಸೆ ಅದು. ಅವರ ನುಡಿಗಳಿಗೆ, ಅವು ಹಬ್ಬಿರುವ ನೆಲದಲ್ಲಿ, ಇಗರ್ಜಿ, ಶಾಲೆ, ಒಳಾಡಳಿತ, ನ್ಯಾಯಾಲಯಗಳಲ್ಲಿ ಸಮಾನ ಸ್ಥಾನ. ಪೋಸೆನ್ ಚರ್ಚೆಯಲ್ಲಿ ಹಾಗೆ ನಡೆದುಕೊಂಡ ಸಭೆಯೇ ಇದನ್ನೂ ಬರೆದದ್ದು.

"ನಿಧಾನಕ್ಕೆ ಹೇಳು" ಅಂದು ಅಪ್ಪ ಜೇಬಿನಿಂದ ಪೆನ್ಸಿಲ್ ತೆಗೆದರು. ನಾನು ಕನ್ನಡದಲ್ಲಿ ಒಂದೊಂದೇ ಮಾತು ಹೇಳಿದೆ, ಅವರು ವಿಮಾನದ ಟಿಕೆಟ್ಟಿನ ಪ್ರಿಂಟಿನ ಹಿಂಬದಿಯಲ್ಲಿ ಬರೆದುಕೊಂಡರು. ಮುಗಿದ ಮೇಲೆ ಅದನ್ನೇ ಓದಿ ತೋರಿಸಿದರು, ಒಂದು ಪದ ಬಿಟ್ಟಿರಲಿಲ್ಲ. "'ಭರವಸೆ' ಅಂದ್ಯಲ್ಲ, ಅದು ಕಾನೂನಲ್ಲಿ 'ಖಾತರಿ' ಆಗ್ಬೇಕಲ್ವಾ?" ಎಂದರು. ಹೌದು ಅಂದೆ. ಆ ಒಂದು ಗೀಟನ್ನು ಅಳಿಸಿ ಬೇರೆ ಗೀಟು ಹಾಕಿ, ಕಾಗದವನ್ನು ಮಡಿಸಿ ಪಾಸ್‌ಪೋರ್ಟಿನ ಒಳಗಿಟ್ಟುಕೊಂಡರು.