ಕೊಂಡುಕೊಂಡರೆ ಆಗ್ತಿರಲಿಲ್ವಾ?

ಆಗ್ತಿತ್ತು. ಖಂಡಿತ ಆಗ್ತಿತ್ತು. ಫ್ಲೈ ಫಿಶಿಂಗ್ ರಾಡ್, ಅಂದರೆ ಪುಕ್ಕದ ಹುಳ ಕಟ್ಟಿ ಮೀನು ಹಿಡಿಯುವ ಕೋಲು, ದುಡ್ಡು ಕೊಟ್ಟರೆ ಸಿಗುವ ವಸ್ತು. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಕೊಡಗಿನ ಸಿದ್ದಾಪುರದವರೆಗೆ ತಾನಾಗಿ ಬರುತ್ತದೆ. ಅಲ್ಲಿಂದ ನಮ್ಮ ತೋಟಕ್ಕೆ ತರಲು ಕೊರಿಯರ್ ಹುಡುಗ ಆನೆಗೆ ಹೆದರುತ್ತಾನೆ, ಅದು ಬೇರೆ ವಿಷಯ.

ನಡೆದದ್ದು ಇಷ್ಟೇ. ಹೋದ ವರ್ಷ ನನ್ನ ಮೊದಲ ಫ್ಲೈ ರಾಡನ್ನು ನಾನೇ ಕಟ್ಟಿದೆ. 9 ಅಡಿ, 4 ತುಂಡು, 6ನೇ ನಂಬರ್ ಲೈನಿನದು. ಅವತ್ತಿಂದ ಸಂತೆಯಲ್ಲಿ, ಮದುವೆಯಲ್ಲಿ, ಕಾಫಿ ತೂಕಕ್ಕೆ ನಿಂತ ಸಾಲಿನಲ್ಲಿ, ಎಲ್ಲಿ ಸಿಕ್ಕಿದರೂ ಅದೇ ಪ್ರಶ್ನೆ. "ಯಾಕೆ ಕಟ್ಟಿದೆ?" ಅಂತ ನೇರವಾಗಿ ಯಾರೂ ಕೇಳುವುದಿಲ್ಲ. ಹಾಗೆ ಕೇಳಿದ್ದರೆ ನಾನೂ ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದೆ. ಕೇಳುವುದು ಹೀಗೆ: "ಕೊಂಡುಕೊಂಡರೆ ಆಗ್ತಿರಲಿಲ್ವಾ?" ತಲೆ ಸ್ವಲ್ಪ ಓರೆ ಮಾಡಿ, ಮನೆಯಲ್ಲಿ ಎಲ್ಲ ಸರಿ ಇದೆ ತಾನೇ ಅನ್ನುವ ದನಿಯಲ್ಲಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ದುಡ್ಡಿನ ಮಾತು ಮುಗಿಸೋಣ, ಎಲ್ಲರಿಗೂ ಒಳಗೊಳಗೆ ಬೇಕಾಗಿರುವುದು ಅದೇ ತಾನೇ. ಉಳಿತಾಯ ಆಗಲಿಲ್ಲ. ಒಂದು ರೂಪಾಯಿಯೂ ಇಲ್ಲ. ಬ್ಲ್ಯಾಂಕ್ ಹೊರದೇಶದಿಂದ ಬರಬೇಕು. ಬ್ಲ್ಯಾಂಕ್ ಅಂದರೆ ಬರೀ ಕಾರ್ಬನ್ ಫೈಬರ್ ಕೊಳವೆ, ಹಿಡಿಯೂ ಇಲ್ಲ, ರಿಂಗೂ ಇಲ್ಲ. ಹಿಡಿಯ ಕಾರ್ಕು, ರೀಲ್ ಕೂರಿಸುವ ಸೀಟು, ಲೈನ್ ಹಾದು ಹೋಗುವ ಗೈಡುಗಳು, ಅವನ್ನು ಕಟ್ಟುವ ದಾರ, ದಾರದ ಮೇಲೆ ಬಳಿಯುವ ಎಪಾಕ್ಸಿ, ಎಲ್ಲವೂ ಹೊರಗಿನಿಂದಲೇ. ಅದರ ಮೇಲೆ ಸಾಗಣೆ, ಕಸ್ಟಮ್ಸು. ಲೆಕ್ಕ ಹಾಕಿದರೆ ಒಂದು ಮಧ್ಯಮ ದರ್ಜೆಯ ರೆಡಿಮೇಡ್ ರಾಡ್ ಕೊಂಡು, ಮಿಕ್ಕ ದುಡ್ಡಲ್ಲಿ ಮಡಿಕೇರಿಗೆ ಹೋಗಿ ಊಟ ಮಾಡಿ ಬರಬಹುದಿತ್ತು. ಸಾಕಾ?

"ಓ, ಹಾಗಾದ್ರೆ ಜೋಡಿಸಿದ್ದು ಅನ್ನಿ, ಮಾಡಿದ್ದಲ್ಲ" ಅನ್ನುವವರು ಇನ್ನೊಂದು ಗುಂಪು. ಸ್ವಾಮಿ, ಮನೆ ಕಟ್ಟಿಸಿದೆ ಅನ್ನುವ ನೀವು ಇಟ್ಟಿಗೆ ಸುಟ್ಟಿದ್ದೀರಾ?

ಈ ಪ್ರಶ್ನೆ ತನ್ನ ಪೂರ್ತಿ ಪ್ರತಾಪ ತೋರಿಸಿದ್ದು ಅಮ್ಮತ್ತಿ ಕಡೆಯ ಒಂದು ಮದುವೆಯಲ್ಲಿ. ಪಂದಿ ಕರಿ, ಕಡಂಬುಟ್ಟು ಬಡಿಸಿದ್ದರು. ನನ್ನ ಎದುರಿಗೆ ಸೈನ್ಯದಿಂದ ನಿವೃತ್ತರಾದ ಒಬ್ಬರು ಹಿರಿಯರು. ಯಾರೋ ಪುಣ್ಯಾತ್ಮರು ಅವರ ಕಿವಿಗೆ ರಾಡಿನ ವಿಷಯ ಹಾಕಿದ್ದರು. "ಎಷ್ಟು ಬಿತ್ತು?" ಅಂದರು. ಹೇಳಿದೆ. ಅವರು ಅದನ್ನು ರೂಪಾಯಿಯಲ್ಲಿ ಕೇಳಿಸಿಕೊಳ್ಳಲೇ ಇಲ್ಲ. ಪಕ್ಕದವರ ಕಡೆ ತಿರುಗಿ ಇವತ್ತಿನ ಕರಿಮೆಣಸಿನ ರೇಟು ಕೇಳಿದರು, ಮನಸ್ಸಿನಲ್ಲೇ ಭಾಗಿಸಿದರು, "ಒಂದು ಕೋಲಿಗೆ ಇಷ್ಟು ಕೆಜಿ ಮೆಣಸಾ!" ಅಂತ ಇಡೀ ಪಂಕ್ತಿಗೆ ಕೇಳುವಂತೆ ಘೋಷಿಸಿದರು. ಆಮೇಲೆ ಪಂಕ್ತಿಗೆ ಪಂಕ್ತಿಯೇ ಲೆಕ್ಕಕ್ಕೆ ಇಳಿಯಿತು. ಒಬ್ಬರು ಅದನ್ನು ಚೆರಿ ಕಾಫಿಯ ಮೂಟೆಗೆ ಪರಿವರ್ತಿಸಿದರು. ಇನ್ನೊಬ್ಬರು ಅಷ್ಟರಲ್ಲಿ ಎಷ್ಟು ಗಿಡ ಕಪಾತು ಮಾಡಿಸಬಹುದು ಅಂತ ಹೇಳಿದರು. ಕೊನೆಗೆ ಹಿರಿಯರು ತೀರ್ಪು ಕೊಟ್ಟರು: "ನಿಮ್ಮ ಬೇಲಿಯಲ್ಲೇ ಬಿದಿರು ಇದೆ. ಕಡಿದ್ರೆ ಆಗ್ತಿತ್ತು. ನಾವು ಹಾಗೇ ಗಾಳ ಹಾಕಿದವರು."

ಅಲ್ಲಿಯವರೆಗೆ ಸುಮ್ನೆ ಇದ್ದೆ. ಬಿದಿರಿನ ಮಾತು ಬಂದಾಗ ಕೈಯಲ್ಲಿದ್ದ ಕಡಂಬುಟ್ಟು ಎಲೆಯ ಮೇಲೆ ಇಟ್ಟೆ.

ಬೇಲಿಯ ಬಿದಿರಿಗೆ ನೂಲು ಕಟ್ಟಿ ಎರೆಹುಳ ಹಾಕಿ ಕೂರುವುದು ಒಂದು ಕೆಲಸ. ಅದನ್ನು ನಾನೂ ಮಾಡಿದ್ದೇನೆ, ಚೆನ್ನಾಗಿದೆ. ಅಲ್ಲಿ ಹುಳಕ್ಕೋ ಸೀಸದ ಗುಂಡಿಗೋ ತೂಕ ಇರುತ್ತದೆ, ಎಸೆದರೆ ಅದು ನೂಲನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಅನ್ನುವುದು ಕೊಕ್ಕೆಗೆ ಸುತ್ತಿದ ಒಂದಿಷ್ಟು ಪುಕ್ಕ, ಕೂದಲು. ತೂಕವೇ ಇಲ್ಲ. ಅದನ್ನು ಎಸೆಯಲು ಆಗುವುದಿಲ್ಲ. ಇಲ್ಲಿ ತೂಕ ಇರುವುದು ಲೈನಿಗೆ. ಲೈನನ್ನು ಹಿಂದಕ್ಕೆ ಮುಂದಕ್ಕೆ ಬೀಸಿದಾಗ ರಾಡ್ ಬಾಗುತ್ತದೆ, ನೆಟ್ಟಗಾಗುವಾಗ ಲೈನನ್ನು ಮುಂದಕ್ಕೆ ಕಳಿಸುತ್ತದೆ, ಪುಕ್ಕ ಅದರ ಬಾಲ ಹಿಡಿದು ಹೋಗುತ್ತದೆ. ಹಾಗಾಗಿ ಲೈನಿಗೆ ನಂಬರ್ ಇದೆ. ಮೊದಲ 30 ಅಡಿಯ ತೂಕದ ಮೇಲೆ ಆ ನಂಬರ್. 6ನೇ ನಂಬರ್ ಅಂದರೆ 160 ಗ್ರೇನ್, ಸುಮಾರು 10.4 ಗ್ರಾಂ. ಗ್ರೇನ್ ಅಂದಾಗ ಹಿರಿಯರ ಕಿವಿ ನೆಟ್ಟಗಾಯಿತು. ತೋಟಾಗೆ ತುಂಬುವ ಮದ್ದನ್ನು ತೂಗುವ ಅಳತೆಯೂ ಅದೇ. ಕೊಡಗಿನಲ್ಲಿ ಕೋವಿಯ ಭಾಷೆಯಲ್ಲಿ ಹೇಳಿದರೆ ಯಾವುದೂ ಅರ್ಥವಾಗುತ್ತದೆ.

ಆ ಧೈರ್ಯದಲ್ಲಿ ಮುಂದುವರಿಸಿದೆ. ಬಿದಿರಿನಲ್ಲಿ ಫ್ಲೈ ರಾಡ್ ಆಗಲ್ಲ ಅಂತ ನಾನು ಹೇಳುವುದಿಲ್ಲ. ಆಗುತ್ತದೆ, ಬಹಳ ಚೆನ್ನಾಗೇ ಆಗುತ್ತದೆ. ಆದರೆ ಕಡಿದು ತಂದ ಕೋಲಲ್ಲ. ಬಿದಿರನ್ನು ಸೀಳಬೇಕು, ಗೆಣ್ಣುಗಳನ್ನು ಸಮ ಮಾಡಬೇಕು, ಒಂದೊಂದು ಸೀಳನ್ನೂ 60 ಡಿಗ್ರಿ ಮೂಲೆಯ ತ್ರಿಕೋನವಾಗಿ, ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗುವಂತೆ ಹತ್ತರಿ ಹೊಡೆಯಬೇಕು. ಅಂಥ ಆರು ಸೀಳು ಅಂಟಿಸಿದರೆ ಆರು ಮುಖದ ಗಟ್ಟಿ ಕೋಲು. ಒಳಗೆ ಪೊಳ್ಳಿಲ್ಲ. ಅಮೆರಿಕದಲ್ಲಿ ಸೀಳು ಬಿದಿರಿನ ರಾಡ್ ಶುರು ಮಾಡಿದವರಲ್ಲಿ ಮೊದಲ ಹೆಸರು ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಫಿಲಿಪ್, 1840ರ ದಶಕ. ಅವನ ಕಸುಬು ಕೋವಿ ತಯಾರಿಕೆ.

"ಕೋವಿ ಮಾಡೋನಾ?" ಅಂದರು ಹಿರಿಯರು. ಈಗ ಪಿಟೀಲೂ ಮಾಡುತ್ತಿದ್ದ ಅಂತ ಸೇರಿಸುವ ಅಗತ್ಯ ಇರಲಿಲ್ಲ, ಸೇರಿಸಿದೆ. ಅಷ್ಟಕ್ಕೆ ಬಿಡದೆ, ಆ ಕಾಲದಲ್ಲಿ ಅಲ್ಲಿನವರು ಬಳಸುತ್ತಿದ್ದ ಬಿದಿರು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ, ಅದಕ್ಕೆ ಕಲ್ಕತ್ತಾ ಕೇನ್ ಅನ್ನುತ್ತಿದ್ದರು, ಆಮೇಲೆ ಚೀನಾದ ಗುವಾಂಗ್‌ಡಾಂಗ್‌ನ ಟಾಂಕಿನ್ ಬಿದಿರು ಸಿಕ್ಕಿತು, ಅದು ಇನ್ನೂ ನೇರ, ನಾರೂ ದಟ್ಟ, ಹಾಗಾಗಿ ನಮ್ಮದನ್ನು ಬಿಟ್ಟರು, ಎರಡನೇ ಮಹಾಯುದ್ಧದ ನಂತರ ಫೈಬರ್ ಗ್ಲಾಸ್ ಬಂದು ಬಿದಿರನ್ನೇ ಮೂಲೆಗೆ ತಳ್ಳಿತು, 1970ರ ದಶಕದಲ್ಲಿ ಕಾರ್ಬನ್ ಫೈಬರ್ ಬಂತು ಅಂತ ಒಂದೇ ಉಸಿರಿಗೆ ಹೇಳಿದೆ.

ಹಿರಿಯರು ನೀರು ಕುಡಿದರು. "ಅಂದ್ರೆ ಅವರು ನಮ್ಮ ಬಿದಿರು ತಗೊಂಡು ಹೋಗಿ ಮಾಡಿದ್ರು. ನೀನು ಬೇಲಿಯಲ್ಲಿ ಬಿದಿರು ಇಟ್ಕೊಂಡು ಅವರ ಪೈಪ್ ತರಿಸ್ತೀಯಾ?"

ಪಂಕ್ತಿ ನಕ್ಕಿತು. ಆ ಮಾತಿಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಬಡಿಸುವವರು ಅಷ್ಟರಲ್ಲಿ ಮುಂದಕ್ಕೆ ಹೋಗಿದ್ದರು.

ನನಗೆ ಸಿಟ್ಟು ಬರುವುದು ಇದಕ್ಕಲ್ಲ. ಈ ಎಲ್ಲ ವಿಚಾರಣೆಯಲ್ಲಿ ಒಬ್ಬರೂ, ಒಬ್ಬರೇ ಒಬ್ಬರೂ, ಗೈಡುಗಳನ್ನು ಎಲ್ಲೆಲ್ಲಿ ಕೂರಿಸಬೇಕು ಅಂತ ಹೇಗೆ ಗೊತ್ತಾಯಿತು ಅಂತ ಕೇಳಲಿಲ್ಲ. ಕೇಳಿ! ನಾನು ಕಾಯುತ್ತಿರುವುದೇ ಅದಕ್ಕೆ.

ಒಂದು ಹೆಬ್ಬೆರಳ ಲೆಕ್ಕ ಇದೆ. ರಾಡ್ ಎಷ್ಟು ಅಡಿಯೋ ಅಷ್ಟು ಗೈಡು, ಮೇಲೊಂದು. ಬ್ಲ್ಯಾಂಕ್ ಮಾಡಿದವರು ತುದಿಯಿಂದ ಎಷ್ಟೆಷ್ಟು ಇಂಚಿಗೆ ಒಂದೊಂದು ಅಂತ ಪಟ್ಟಿಯನ್ನೂ ಕೊಡುತ್ತಾರೆ. ತುದಿಯ ಹತ್ತಿರ ಒತ್ತೊತ್ತಾಗಿ, ಬುಡಕ್ಕೆ ಬಂದ ಹಾಗೆ ದೂರ ದೂರ. ಆ ಪಟ್ಟಿ ಹಿಡಿದು ಕಟ್ಟಿ ಮುಗಿಸಿದರೂ ರಾಡ್ ಕೆಲಸ ಮಾಡುತ್ತದೆ. ಆದರೆ ಅದನ್ನು ಪರೀಕ್ಷೆ ಮಾಡುವ ಒಂದು ವಿಧಾನ ಇದೆ, ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಅದು. ಗೈಡುಗಳನ್ನು ಬರೀ ಟೇಪಿನಲ್ಲಿ ಅಂಟಿಸಿ, ರಾಡಿನ ಬುಡವನ್ನು ಜಗಲಿಯ ಕಟಕಟೆಗೆ ಓರೆಯಾಗಿ ಬಿಗಿದೆ. ಲೈನನ್ನು ಎಲ್ಲ ಗೈಡುಗಳಲ್ಲಿ ಹಾಯಿಸಿ ತುದಿಯಿಂದ ಕೆಳಗೆ ಬಿಟ್ಟು ನೀರಿನ ಬಾಟಲಿ ನೇತು ಹಾಕಿದೆ. ರಾಡ್ ಬಾಗಿತು. ಈಗ ಪಕ್ಕದಲ್ಲಿ ನಿಂತು ನೋಡಬೇಕು. ರಾಡಿನದು ನಯವಾದ ಬಿಲ್ಲು. ಲೈನ್ ಮಾತ್ರ ಒಂದು ಗೈಡಿನಿಂದ ಇನ್ನೊಂದಕ್ಕೆ ನೇರ ಗೆರೆಗಳಲ್ಲಿ ಹೋಗುತ್ತದೆ. ಎಲ್ಲಾದರೂ ಆ ಗೆರೆ ರಾಡಿನಿಂದ ಜಾಸ್ತಿ ದೂರ ಹೋದರೆ, ಅಥವಾ ಒಂದು ಗೈಡಿನಲ್ಲಿ ಚೂಪಾದ ಮೂಲೆಯಾಗಿ ತಿರುಗಿದರೆ, ಅಲ್ಲಿ ಭಾರ ಸರಿಯಾಗಿ ಹಂಚಿಲ್ಲ ಅಂತ ಅರ್ಥ. ಗೈಡನ್ನು ಬೆರಳಗಲ ಸರಿಸು. ಮತ್ತೆ ನೋಡು. ಬಾಟಲಿಗೆ ಇನ್ನಷ್ಟು ನೀರು ಹಾಕು. ಬಾಗು ತುದಿಯಿಂದ ನಡುವಿಗೆ ಇಳಿಯುತ್ತದೆ, ಇಷ್ಟು ಹೊತ್ತು ಸರಿ ಇದ್ದ ಮೂರನೇ ಗೈಡು ಈಗ ತಪ್ಪು ಜಾಗದಲ್ಲಿದೆ ಅನ್ನಿಸುತ್ತದೆ. ಮತ್ತೆ ಸರಿಸು. ಮಧ್ಯಾಹ್ನ ಕಳೆದದ್ದು ಗೊತ್ತಾಗಲಿಲ್ಲ. ಕೆಲಸಕ್ಕೆ ಬಂದವರು ಕಾಫಿ ಕಣದಿಂದ ನೋಡಿ ನಗುತ್ತಿದ್ದರು, ನಗಲಿ. ಕೊಂಡ ರಾಡಿನಲ್ಲಿ ಇದನ್ನೆಲ್ಲ ಯಾರೋ ಕಾರ್ಖಾನೆಯಲ್ಲಿ ಮಾಡಿ ಮುಗಿಸಿರುತ್ತಾರೆ, ಅಥವಾ ಮಾಡಿರುವುದಿಲ್ಲ. ಎರಡರಲ್ಲಿ ಯಾವುದು ಅಂತ ನಿಮಗೆ ಗೊತ್ತಾಗುವುದಿಲ್ಲ. ಕೊಂಡುಕೊಂಡರೆ ಆಗ್ತಿರಲಿಲ್ವಾ ಅಂದರೆ ನನ್ನ ನಿಜವಾದ ಉತ್ತರ ಈ ಮಧ್ಯಾಹ್ನ.

ಇನ್ನೊಂದು ಜಗಳ ಇದೆ, ಸ್ಪೈನ್ ಅಂತ. ಬ್ಲ್ಯಾಂಕ್ ಮಾಡುವುದು ಕಾರ್ಬನ್ ಬಟ್ಟೆಯನ್ನು ಉಕ್ಕಿನ ಸರಳಿಗೆ ಸುತ್ತಿ. ಸುತ್ತಿನ ಅಂಚು ಬರುವ ಕಡೆ ಒಂದು ಮಗ್ಗುಲು ತುಸು ಬಿರುಸಾಗಿರುತ್ತದೆ. ಅದನ್ನು ಹುಡುಕಿ ಗೈಡುಗಳನ್ನು ಅದರ ನೇರಕ್ಕೇ ಕೂರಿಸಬೇಕು ಅನ್ನುವವರಿದ್ದಾರೆ, ಅದೆಲ್ಲ ಭ್ರಮೆ, ಬ್ಲ್ಯಾಂಕ್ ನೇರವಾಗಿ ಕಾಣುವ ಕಡೆ ಕೂರಿಸಿ ಸಾಕು ಅನ್ನುವವರೂ ಇದ್ದಾರೆ. ನಾನು ಎರಡನೇ ಪಕ್ಷ. ಹೆಚ್ಚು ಕೇಳಬೇಡಿ.

ಕಾರ್ಕ್ ಹಿಡಿಯ ತೂತನ್ನು ದುಂಡು ಅರದಲ್ಲಿ ಉಜ್ಜಿ ದೊಡ್ಡದು ಮಾಡುವುದು ಬೇಸರದ ಕೆಲಸ. ದಾರ ಸುತ್ತುವುದು ಹಾಗಲ್ಲ. ಮೊದಲು ಗೈಡಿನ ಎರಡೂ ಪಾದಗಳನ್ನು ಅರದಲ್ಲಿ ತೀಡಿ ತೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ದಾರ ಪಾದದ ಮೇಲೆ ಹತ್ತುವಾಗ ಎಡವಿ ಸಂದು ಬಿಡುತ್ತದೆ. ಆಮೇಲೆ ಒಂದು ಸುತ್ತಿಗೆ ಇನ್ನೊಂದು ಸುತ್ತು ತಾಗಿಸಿಕೊಂಡು ಹೋಗುವುದು. ಕೊನೆಯ ಕೆಲವು ಸುತ್ತಿನ ಕೆಳಗೆ ಒಂದು ಕುಣಿಕೆ ಇಟ್ಟು, ದಾರದ ತುದಿಯನ್ನು ಅದರೊಳಗೆ ಹಾಕಿ ಎಳೆದರೆ ತುದಿ ಸುತ್ತಿನ ಅಡಿಗೇ ಹೋಗಿ ಕೂರುತ್ತದೆ. ಗಂಟೇ ಇಲ್ಲ. ನಮ್ಮೂರ ಟೈಲರ್‌ಗೆ ತೋರಿಸಿದೆ. ಇಡೀ ಊರಿನಲ್ಲಿ ಅವರೊಬ್ಬರೇ ಬೆಲೆ ಕೇಳಲಿಲ್ಲ, "ಇನ್ನೊಂದ್ಸಲ ಎಳೀರಿ ನೋಡೋಣ" ಅಂದರು. ಬಣ್ಣ ಕೊಡವರು ನಡುವಿಗೆ ಕಟ್ಟುವ ಚೇಲೆಯ ಕೆಂಪು, ಅಂಚಿಗೆ ಚಿನ್ನದ ಎರಡೆಳೆ. ನೈಲಾನ್ ದಾರಕ್ಕೆ ಎಪಾಕ್ಸಿ ತಾಗಿದರೆ ಬಣ್ಣ ಕಪ್ಪಾಗಿ ಒಳಗಿನದು ಕಾಣುತ್ತದೆ. ಅದಕ್ಕೇ ತಿಳಿ ಕೆಂಪಿನಿಂದ ಶುರು ಮಾಡಿದೆ.

ಎಪಾಕ್ಸಿ ಎರಡು ಭಾಗದ್ದು. ಸಮ ಪ್ರಮಾಣದಲ್ಲಿ, ಸಿರಿಂಜಿನಲ್ಲಿ ಅಳೆದು ಕಲಸಬೇಕು. ಬಳಿದ ಮೇಲೆ ರಾಡನ್ನು ಗಂಟೆಗಟ್ಟಲೆ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು, ನಿಂತರೆ ಅಂಟು ಕೆಳಗೆ ಇಳಿದು ಹನಿ ಕಟ್ಟುತ್ತದೆ. ಅದಕ್ಕೊಂದು ಸಣ್ಣ ಮೋಟಾರ್ ಇಟ್ಟಿದ್ದೆ. ಬಳಿದು ಮುಗಿಸಿ ಕುಂಚ ಒರೆಸುತ್ತಿದ್ದೆ, ಕರೆಂಟ್ ಹೋಯಿತು. ಕೊಡಗಿನಲ್ಲಿ ಇದು ಸುದ್ದಿಯಲ್ಲ. ನಾನೂ ಅಮ್ಮನೂ ಪಾಳಿಯ ಮೇಲೆ ಕೈಯಲ್ಲೇ ತಿರುಗಿಸಿದೆವು, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ. ರಾತ್ರಿ ಹತ್ತು ದಾಟಿದ ಮೇಲೆ, ರಾಡ್ ತಿರುಗಿಸುತ್ತಲೇ ಅಮ್ಮ ಕೇಳಿದರು: "ಕೊಂಡುಕೊಂಡರೆ ಆಗ್ತಿರಲಿಲ್ವಾ?" ಹಾಗೆ ಕೇಳುವ ಹಕ್ಕು ಇಡೀ ಜಿಲ್ಲೆಯಲ್ಲಿ ಅವರಿಗೆ ಮಾತ್ರ ಇದೆ.

ಮೀನು ಸಿಕ್ತಾ? ಸಿಕ್ಕಿತು. ತೋಟದ ಕೆರೆಯಲ್ಲಿ, ಅಂಗೈಯಗಲದ ಗೆಂಡೆಗಳು. ಹೊಳೆಯ ದೈತ್ಯ ಮೀನು ಮಹಸೀರ್ ಅಂತ ಶುರು ಮಾಡಬೇಡಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಮೀನಿನ ಕಥೆ ನನಗೂ ಗೊತ್ತು, ಅದನ್ನು ಹೇಳುವವರು ಯಾರೂ ಅಲ್ಲಿ ಇರಲಿಲ್ಲ ಅನ್ನುವುದೂ ಗೊತ್ತು. ಕಾವೇರಿಯ ಡುಬ್ಬದ ಮಹಸೀರ್ ಯಾವ ಪ್ರಭೇದ, ಟಾರ್ ರೆಮಾದೇವಿ, ಅಂತ ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಹೋಯಿತು. ವಾಲ್ನೂರು ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಹಿಡಿದು ಬಿಡುವ ಪದ್ಧತಿ ನಡೆಸಿಕೊಂಡು ಬಂದಿದ್ದಾರೆ, ಹೊಳೆಯ ಆಸೆ ಇದ್ದವರು ಅಲ್ಲಿ ವಿಚಾರಿಸಿ, ನಿಯಮ ಕೇಳಿಕೊಂಡು ಹೋಗಿ. ನನ್ನ 6ನೇ ನಂಬರ್ ರಾಡಿಗೆ ಗೆಂಡೆ ಸಾಕು.

ಇಷ್ಟು ಓದಿಯೂ ಯಾರಿಗಾದರೂ ಒಂದು ರಾಡ್ ಕಟ್ಟಬೇಕು ಅನ್ನಿಸಿದರೆ ಸಾಮಾನು ತರಿಸಿಕೊಂಡು ನಮ್ಮ ಮನೆಗೇ ಬನ್ನಿ. ಅರ, ಕುಣಿಕೆಯ ದಾರ, ಮೋಟಾರ್, ಕಟಕಟೆ ಎಲ್ಲ ಇದೆ. ಮಳೆ ಹೋದ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮೊದಲು ಬರಬೇಕು. ಕೊಯ್ಲಿನಲ್ಲಿ ಕಣದ ಧೂಳೆಲ್ಲ ಹಸಿ ಅಂಟಿಗೆ ಬಂದು ಕೂರುತ್ತದೆ. ಮಳೆಗಾಲದಲ್ಲಿ ಚಳಿಗೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ, ತೇವಕ್ಕೆ ಮಂಕಾಗುತ್ತದೆ. ಕಕ್ಕಡದಲ್ಲಿ, ಅಂದರೆ ನಡು ಮಳೆಗಾಲದಲ್ಲಿ, ಬಂದರೆ ಬೈಂಬಳೆ (ಕಣಿಲೆ) ಕರಿ ತಿಂದು ಹೋಗಬಹುದು, ಅಂಟಿನ ಡಬ್ಬಿ ಮುಟ್ಟಲು ಬಿಡುವುದಿಲ್ಲ.