ನಿಯಮ ಸಡಿಲವಾದಾಗ ಪೋಷಕರಿಗೆ ಏನೆಂದು ಬರೆಯಬೇಕು

ಶಾಲೆಗೆ ರಜೆ ಘೋಷಣೆಯಾಗಿದೆ ಎಂದು ಪೋಷಕರಿಗೆ ತಿಳಿಸಲು ಒಂದು ಸಾಲು ಸಾಕು. ಮುಚ್ಚಿದ್ದ ಶಾಲೆ ತೆರೆಯುತ್ತಿದೆ, ಇಂಥ ನಿಯಮ ಇನ್ನು ಇರುವುದಿಲ್ಲ, ಇಂಥದ್ದು ಮುಂದುವರಿಯುತ್ತದೆ ಎಂದು ತಿಳಿಸಲು ಕೆಲವೊಮ್ಮೆ ಒಂದು ಪುಟವೂ ಸಾಲುವುದಿಲ್ಲ. ಹಳೆ ಮೈಸೂರು ಭಾಗದ ಒಂದು ತಾಲ್ಲೂಕಿನಲ್ಲಿ, ಒಂದರಿಂದ ಹತ್ತನೇ ತರಗತಿಯವರೆಗೆ ಒಂದೇ ಆವರಣದಲ್ಲಿ ನಡೆಯುವ ಸರ್ಕಾರಿ ಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕ. ಕೋವಿಡ್ ಕಾಲದಲ್ಲಿ ಇಲಾಖೆಯ ಸುತ್ತೋಲೆಗಳನ್ನು ಓದಿ, ಅವುಗಳಲ್ಲಿ ನಮ್ಮ ಮಕ್ಕಳ ಮನೆಯವರಿಗೆ ಬೇಕಾದ್ದನ್ನು ಆರಿಸಿ, ಮುಖ್ಯೋಪಾಧ್ಯಾಯರ ಹೆಸರಿನಲ್ಲಿ ಸಂದೇಶ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಸಂದೇಶಗಳಲ್ಲಿ ನಿರ್ಬಂಧ ಹೇರಿದವುಗಳಿಗಿಂತ ನಿರ್ಬಂಧ ತೆಗೆದವುಗಳೇ ಹೆಚ್ಚು ಪ್ರಶ್ನೆಗಳನ್ನು ತಂದವು. ಕಾರಣ ಸ್ಪಷ್ಟವಾಗಿದೆ. ಮನೆಯಲ್ಲೇ ಇರಿ ಎಂದಾಗ ಎಲ್ಲರೂ ಮಾಡಬೇಕಾದ್ದು ಒಂದೇ. ಇನ್ನು ಬರಬಹುದು ಎಂದಾಗ ಪ್ರತಿಯೊಂದು ಮನೆಯೂ ತನ್ನ ತೀರ್ಮಾನವನ್ನು ತಾನೇ ತೆಗೆದುಕೊಳ್ಳಬೇಕು. ಆ ತೀರ್ಮಾನಕ್ಕೆ ಬೇಕಾದ ಮಾಹಿತಿಯನ್ನು ಶಾಲೆ ಕೊಡದಿದ್ದರೆ ಅದನ್ನು ಟಿವಿಯೂ ಗಾಳಿಮಾತೂ ಕೊಡುತ್ತವೆ.

2021ರ ಎರಡನೇ ಅಲೆಯ ನಂತರ ನಮ್ಮ ರಾಜ್ಯದಲ್ಲಿ ಶಾಲೆಗಳು ಒಮ್ಮೆಲೇ ತೆರೆಯಲಿಲ್ಲ. ಆಗಸ್ಟ್ 23ರಂದು ಒಂಬತ್ತನೇ ತರಗತಿಯಿಂದ ಮೇಲಿನವರಿಗೆ, ಅದೂ ಪಾಸಿಟಿವಿಟಿ ದರ, ಅಂದರೆ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸೋಂಕು ಕಂಡವರ ಪ್ರಮಾಣ, ಶೇ 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ. ಸೆಪ್ಟೆಂಬರ್ 6ರಂದು ಆರರಿಂದ ಎಂಟನೇ ತರಗತಿಯವರಿಗೆ. ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಯವರಿಗೆ. ನವೆಂಬರ್ 8ರಂದು ಅಂಗನವಾಡಿ, ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ. ಆಡಳಿತದ ದೃಷ್ಟಿಯಿಂದ ಈ ಹಂತಗಳು ಸರಿಯಾಗಿಯೇ ಇದ್ದವು; ಒಂದೊಂದು ಹಂತದ ಪರಿಣಾಮವನ್ನು ನೋಡಿಕೊಂಡು ಮುಂದಿನ ಹೆಜ್ಜೆ ಇಡುವುದು ವಿವೇಕವೇ ಹೌದು. ಆದರೆ ಒಂಬತ್ತರಲ್ಲಿ ಒಬ್ಬಳು, ಏಳರಲ್ಲಿ ಒಬ್ಬ, ಮೂರರಲ್ಲಿ ಇನ್ನೊಬ್ಬಳು ಇರುವ ಮನೆಯಲ್ಲಿ ಕುಳಿತು ನೋಡಿದರೆ ಇದೇ ಕ್ರಮ ಬೇರೆ ರೀತಿ ಕಾಣುತ್ತದೆ. ಅಕ್ಕ ದಿನವೂ ಬಸ್ಸಿನಲ್ಲಿ ಹೋಗಿ ನೂರು ಮಕ್ಕಳ ನಡುವೆ ಕುಳಿತು ಬರುತ್ತಾಳೆ, ರಾತ್ರಿ ತಂಗಿಯ ಪಕ್ಕದಲ್ಲೇ ಮಲಗುತ್ತಾಳೆ. ಹಾಗಿರುವಾಗ ತಂಗಿಯನ್ನು ಶಾಲೆಗೆ ಕಳುಹಿಸದೇ ಇಟ್ಟುಕೊಂಡರೆ ಏನು ಪ್ರಯೋಜನ ಎಂದು ತಾಯಂದಿರು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ದೊಡ್ಡ ಮಕ್ಕಳು ಮಾಸ್ಕ್ ಧರಿಸಿ ದೂರ ಕುಳಿತುಕೊಳ್ಳುವ ಶಿಸ್ತನ್ನು ಪಾಲಿಸಬಲ್ಲರು, ಪರೀಕ್ಷೆಯ ಒತ್ತಡವೂ ಅವರ ಮೇಲೆ ಹೆಚ್ಚು ಇದೆ, ಆದ್ದರಿಂದ ಅವರಿಂದ ಆರಂಭಿಸಲಾಗಿದೆ ಎಂಬ ಕಾರಣವನ್ನು ಎರಡು ವಾಕ್ಯಗಳಲ್ಲಿ ಸೇರಿಸಿದ ಮೇಲೆ ಆ ಪ್ರಶ್ನೆ ಬಹುಮಟ್ಟಿಗೆ ನಿಂತಿತು. ನಿಯಮದ ಜೊತೆಗೆ ಅದರ ಕಾರಣವನ್ನೂ ಬರೆಯಬೇಕೆಂಬುದು ಅಂದಿನಿಂದ ನಮ್ಮ ಶಾಲೆಯ ರೂಢಿಯಾಯಿತು.

ಅಕ್ಟೋಬರ್ 25ರ ಸಂದೇಶದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆ ದಿನ ಎರಡನೇ ತರಗತಿಗೆ ಬರಬೇಕಿದ್ದ ಮಕ್ಕಳು ಒಂದನೇ ತರಗತಿಯ ಬೆಂಚನ್ನೇ ಕಂಡಿರಲಿಲ್ಲ. ಮೂರನೇ ತರಗತಿಯವರು ಕೊನೆಯ ಸಲ ಶಾಲೆಯಲ್ಲಿ ಕುಳಿತದ್ದು ಒಂದನೇ ತರಗತಿಯಲ್ಲಿ, 2020ರ ಮಾರ್ಚ್‌ಗೆ ಮುಂಚೆ. ಪೋಷಕರ ಒಪ್ಪಿಗೆ ಪತ್ರ ಕಡ್ಡಾಯವಾಗಿತ್ತು, ಹಾಜರಾತಿ ಕಡ್ಡಾಯವಾಗಿರಲಿಲ್ಲ, ಮೊದಲ ಕೆಲವು ದಿನ ಅರ್ಧ ದಿನ ಮಾತ್ರ ತರಗತಿ, ಮನೆಯಿಂದ ಕುಡಿಯುವ ನೀರು ತರಬೇಕು. ಇಷ್ಟನ್ನು ನಾವು ವಾಟ್ಸಾಪ್ ಗುಂಪಿಗೆ ಹಾಕಿದೆವು. ಆದರೆ ಚಿಕ್ಕ ತರಗತಿಗಳ ಅನೇಕ ಮನೆಗಳಲ್ಲಿ ಸ್ಮಾರ್ಟ್‌ಫೋನ್ ತಂದೆಯ ಜೇಬಿನಲ್ಲಿ ಇರುತ್ತದೆ, ತಂದೆ ಕೆಲಸಕ್ಕೆಂದು ಬೇರೆ ಊರಿನಲ್ಲಿ ಇರುತ್ತಾನೆ, ಮಗುವನ್ನು ಎಬ್ಬಿಸಿ ಸ್ನಾನ ಮಾಡಿಸಿ ಕಳುಹಿಸಬೇಕಾದ ಅಜ್ಜಿಗೆ ವಿಷಯ ಮುಟ್ಟಿರುವುದಿಲ್ಲ.

ಆದ್ದರಿಂದ ಸಂದೇಶದ ಪ್ರತಿಯನ್ನು ತೆಗೆದುಕೊಂಡು ನಾವು ಹಾಲಿನ ಡೇರಿಗೆ ಹೋದೆವು. ನಮ್ಮ ಕಡೆ ಬೆಳಗಿನ ಹೊತ್ತು ಊರಿನ ಬಹುತೇಕ ಮನೆಯವರು ಹಾಲು ಹಾಕಲು ಡೇರಿಗೆ ಬಂದೇ ಬರುತ್ತಾರೆ. ಕಾರ್ಯದರ್ಶಿಯವರು ಹಾಲಿನ ಅಳತೆ ಬರೆಯುವ ಪುಸ್ತಕವನ್ನು ಪಕ್ಕಕ್ಕಿಟ್ಟು ನಮ್ಮ ಹಾಳೆಯನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಯುತ್ತಿದ್ದಂತೆ, ಕ್ಯಾನು ಹಿಡಿದು ನಿಂತಿದ್ದ ಹೆಂಗಸೊಬ್ಬರು, "ಮೇಷ್ಟ್ರೇ, ನಮ್ಮ ಮೊಮ್ಮಗನಿಗೆ ಸ್ವಲ್ಪ ನೆಗಡಿ ಐತೆ. ಕಳಿಸಿದ್ರೆ ಬೈತೀರಾ, ಕಳಿಸದೆ ಇದ್ರೆ ಬೈತೀರಾ?" ಎಂದು ಕೇಳಿದರು. ನಮ್ಮ ಒಂದು ಪುಟದ ಹಾಳೆಯಲ್ಲಿ ಥರ್ಮಲ್ ಸ್ಕ್ಯಾನರ್ ಇತ್ತು, ಸ್ಯಾನಿಟೈಸರ್ ಇತ್ತು, ಬೆಂಚುಗಳ ನಡುವಿನ ಅಂತರ ಇತ್ತು. ಆ ಅಜ್ಜಿಗೆ ಬೇಕಾದ ಉತ್ತರ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇತ್ತು. ಅನಾರೋಗ್ಯದ ಲಕ್ಷಣಗಳಿದ್ದಲ್ಲಿ ಸೂಕ್ತ ಕ್ರಮ ವಹಿಸುವುದು ಎಂಬ ಸುತ್ತೋಲೆಯ ಭಾಷೆ ಅಧಿಕಾರಿಗಳಿಗೆ ಅರ್ಥವಾಗುತ್ತದೆ, ಹಾಲಿನ ಕ್ಯಾನು ಹಿಡಿದು ನಿಂತವರಿಗೆ ಆಗುವುದಿಲ್ಲ. ಜ್ವರ, ಕೆಮ್ಮು, ನೆಗಡಿ ಇದ್ದರೆ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಹಾಜರಿ ಹೋಗುತ್ತದೆಂದು ಹೆದರಬೇಡಿ, ತರಗತಿ ಶಿಕ್ಷಕರಿಗೆ ಒಂದು ಫೋನ್ ಮಾಡಿದರೆ ಸಾಕು ಎಂದು ಅಲ್ಲೇ ಬಾಯಲ್ಲಿ ಹೇಳಿ, ಮರುದಿನ ಅದನ್ನೇ ಸಂದೇಶದ ಮೊದಲ ಸಾಲಾಗಿ ಬರೆದೆವು.

ಒಪ್ಪಿಗೆ ಪತ್ರದ ವಿಷಯದಲ್ಲಿ ನನಗೆ ಅಂದೂ ಇಂದೂ ಒಂದು ಅಸಮಾಧಾನವಿದೆ. ಆ ಪತ್ರ ಶಾಲೆ ಮತ್ತು ಮನೆಗಳ ನಡುವಿನ ಮಾತುಕತೆಗೆ ಆರಂಭವಾಗಬೇಕಿತ್ತು. ಏನಾದರೂ ಆದರೆ ಶಾಲೆ ಹೊಣೆಯಲ್ಲ ಎಂದು ಬರೆಸಿಕೊಳ್ಳುವ ಕಾಗದ ಎಂದೇ ಹೆಚ್ಚಿನವರು ಅದನ್ನು ತಿಳಿದರು. ಹೆಬ್ಬೆಟ್ಟು ಒತ್ತುವ ಮುನ್ನ ಇದರಲ್ಲಿ ಏನಿದೆ ಎಂದು ಎರಡೆರಡು ಸಲ ಓದಿಸಿಕೊಂಡವರಿದ್ದಾರೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿ, ಪೋಷಕರ ಒಪ್ಪಿಗೆ ಬೇಕೋ ಬೇಡವೋ ಎಂಬುದನ್ನು ರಾಜ್ಯಗಳ ತೀರ್ಮಾನಕ್ಕೆ ಬಿಟ್ಟಿತು. ಪತ್ರ ಹೋದರೂ ಮಾತುಕತೆ ಉಳಿಯಬೇಕೆಂದು ನಾವು ಪೋಷಕರ ಸಭೆಗಳನ್ನು ಮಾತ್ರ ಬಿಡಲಿಲ್ಲ.

ಹೆಚ್ಚು ಗೊಂದಲವಾದದ್ದು 2022ರ ಜನವರಿಯಲ್ಲಿ. ಕೊರೊನಾ ವೈರಸ್ಸಿನ ಹೊಸ ರೂಪಾಂತರಿಯಾದ ಓಮಿಕ್ರಾನ್‌ನ ಭಾರತದ ಮೊದಲ ಎರಡು ಪ್ರಕರಣಗಳು 2021ರ ಡಿಸೆಂಬರ್ 2ರಂದು ಕರ್ನಾಟಕದಲ್ಲೇ ದೃಢಪಟ್ಟಿದ್ದವು. ಜನವರಿ 6ರಿಂದ ಬೆಂಗಳೂರಿನಲ್ಲಿ ಹತ್ತನೇ ತರಗತಿಗಿಂತ ಕೆಳಗಿನವರಿಗೆ ತರಗತಿಗಳು ನಿಂತವು. ಟಿವಿ ವಾಹಿನಿಗಳು ಶಾಲೆ ಬಂದ್ ಎಂದು ದೊಡ್ಡ ಅಕ್ಷರಗಳಲ್ಲಿ ತೋರಿಸಿದರೆ ಅದು ಬೆಂಗಳೂರಿಗೆ ಮಾತ್ರ ಎಂಬ ಚಿಕ್ಕ ಅಕ್ಷರ ನಮ್ಮ ಹಳ್ಳಿಗಳ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಜನವರಿ 31ರಿಂದ ರಾತ್ರಿ ಕರ್ಫ್ಯೂ ತೆಗೆಯುವ, ಬೆಂಗಳೂರಿನ ಶಾಲೆಗಳನ್ನು ತೆರೆಯುವ ತೀರ್ಮಾನ 29ರಂದು ಪ್ರಕಟವಾದಾಗಲೂ ಇದೇ ಮರುಕಳಿಸಿತು. ಆ ತಿಂಗಳು ನಮ್ಮ ಸಂದೇಶಗಳೆಲ್ಲ ಊರಿನ ಹೆಸರು, ಶಾಲೆಯ ಹೆಸರು, ದಿನಾಂಕ ಈ ಮೂರರಿಂದಲೇ ಶುರುವಾದವು. ಯಾವ ಆದೇಶ ಯಾರದು, ಯಾವುದು ಇಡೀ ರಾಜ್ಯಕ್ಕೆ, ಯಾವುದು ಜಿಲ್ಲಾಡಳಿತದ ತೀರ್ಮಾನ ಎಂದು ಬಿಡಿಸಿ ಬರೆಯುವುದು ಬೇಸರದ ಕೆಲಸವೆನಿಸಬಹುದು. ಆದರೆ ಬೆಂಗಳೂರಿನ ಸುದ್ದಿ ನೋಡಿ ತಾಲ್ಲೂಕಿನ ಮಗು ಒಂದು ವಾರ ಪಾಠ ಕಳೆದುಕೊಳ್ಳುವುದನ್ನು ತಡೆಯಲು ಬೇರೆ ದಾರಿಯಿರಲಿಲ್ಲ.

ಅದೇ ಜನವರಿಯಲ್ಲಿ ಆರೋಗ್ಯದ ನಿಯಮಗಳೂ ಬದಲಾದವು, ಇಲ್ಲಿ ವಿಜ್ಞಾನ ಶಿಕ್ಷಕನಾಗಿ ನನಗೆ ನಿಜವಾದ ಕೆಲಸವಿತ್ತು. ಸೌಮ್ಯ ಲಕ್ಷಣಗಳಿರುವವರ ಮನೆ ಪ್ರತ್ಯೇಕವಾಸ ಏಳು ದಿನಕ್ಕೆ ಇಳಿಯಿತು, ಕೊನೆಯ ಮೂರು ದಿನ ಜ್ವರ ಇರಕೂಡದು ಎಂಬ ಷರತ್ತಿನೊಡನೆ. ಸೋಂಕಿತರ ಸಂಪರ್ಕಕ್ಕೆ ಬಂದಿದ್ದು, ಲಕ್ಷಣಗಳಿಲ್ಲದ ಮತ್ತು ಹೆಚ್ಚು ಅಪಾಯದ ಗುಂಪಿಗೆ ಸೇರದವರಿಗೆ ಪರೀಕ್ಷೆ ಬೇಕಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿತು. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಡ, ಆರರಿಂದ ಹನ್ನೊಂದರವರು ಸರಿಯಾಗಿ ಬಳಸಬಲ್ಲರಾದರೆ ಧರಿಸಬಹುದು, ಹನ್ನೆರಡು ದಾಟಿದವರು ದೊಡ್ಡವರಂತೆಯೇ ಧರಿಸಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ತಿಳಿಸಿತು. ಇವನ್ನು ಓದಿದ ಪೋಷಕರು, ಹೋದ ವರ್ಷ ಇನ್ನೂ ಹೆಚ್ಚು ದಿನ ಎಂದವರು ಈಗ ಏಳು ಎನ್ನುತ್ತಿದ್ದಾರೆ, ಹಾಗಾದರೆ ಯಾವುದು ಸುಳ್ಳು ಎಂದು ಕೇಳಿದರು. ಓಮಿಕ್ರಾನ್ ಬೇಗ ಹರಡಿ ಬೇಗ ಲಕ್ಷಣ ತೋರಿಸುತ್ತಿತ್ತು, ಆ ಹೊತ್ತಿಗೆ ದೊಡ್ಡವರಲ್ಲಿ ಬಹುಪಾಲು ಮಂದಿ ಲಸಿಕೆ ಪಡೆದಿದ್ದರು, ಹದಿನೈದು ತುಂಬಿದ ನಮ್ಮ ವಿದ್ಯಾರ್ಥಿಗಳಿಗೂ ಜನವರಿ 3ರಿಂದ ಲಸಿಕೆ ಸಿಗುತ್ತಿತ್ತು. ಪರಿಸ್ಥಿತಿ ಬದಲಾದ್ದರಿಂದ ನಿಯಮ ಬದಲಾಯಿತು, ಅಂದಿನದು ಅಂದಿಗೆ ಸರಿ, ಇಂದಿನದು ಇಂದಿಗೆ ಸರಿ ಎಂದು ಸಭೆಯಲ್ಲಿ ಎಷ್ಟು ತಾಳ್ಮೆಯಿಂದ ಹೇಳಬೇಕೋ ಅಷ್ಟು ತಾಳ್ಮೆಯಿಂದ ಹೇಳಿದೆವು. ಹಳ್ಳಿಯವರಿಗೆ ಇದೆಲ್ಲ ಏಕೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ನೋಡಿ ಬಿತ್ತನೆಯ ದಿನವನ್ನು ಬದಲಿಸುವವರಿಗೆ ಈ ತರ್ಕ ಬೇಗನೆ ಹಿಡಿಯುತ್ತದೆ.

ಬಿಸಿಯೂಟ ಮತ್ತೆ ಆರಂಭವಾದಾಗ ಮಾತ್ರ ಹೆಚ್ಚು ವಿವರಣೆ ಬೇಕಾಗಲಿಲ್ಲ. ತಟ್ಟೆಯ ಸದ್ದು ಕೇಳಿದ ದಿನದಿಂದಲೇ ಹಾಜರಾತಿ ಏರಿತು.

2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೋವಿಡ್ ನಿರ್ಬಂಧಗಳನ್ನು ಕೇಂದ್ರ ಸರ್ಕಾರ ಕೊನೆಗೊಳಿಸಿತು. ಮಾಸ್ಕ್ ಧರಿಸುವುದು ಮತ್ತು ಕೈ ಸ್ವಚ್ಛವಾಗಿಟ್ಟುಕೊಳ್ಳುವುದು ಮುಂದುವರಿಯಲಿ ಎಂಬ ಸಲಹೆಯೂ ಅದರ ಜೊತೆಯಲ್ಲೇ ಇತ್ತು. ಜನರ ಬಾಯಲ್ಲಿ ಉಳಿದದ್ದು ಎಲ್ಲ ಮುಗಿಯಿತಂತೆ ಎಂಬ ಅರ್ಧ ಸುದ್ದಿ. ಒಂದು ತಿಂಗಳು ಕಳೆಯುವ ಮುನ್ನ, ಏಪ್ರಿಲ್ 25ರಂದು, ಸಾರ್ವಜನಿಕ ಸ್ಥಳಗಳಲ್ಲಿ ಮಾಸ್ಕ್ ಕಡ್ಡಾಯವೆಂದು ರಾಜ್ಯ ಸರ್ಕಾರ ಪ್ರಕಟಿಸಿತು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಶಾಲೆ, ಕಾಲೇಜು, ಚಿತ್ರಮಂದಿರಗಳಿಗೆ ಅದೇ ನಿಯಮ ಇನ್ನೊಮ್ಮೆ ಬಂತು. ಸಡಿಲಿಕೆಯ ಸಂದೇಶದಲ್ಲಿ ಇನ್ನು ಮುಂದೆ ಎಂಬ ಮಾತನ್ನು ಬರೆಯದೆ ಸದ್ಯಕ್ಕೆ ಎಂದು ಬರೆಯಬೇಕು, ಸಂಖ್ಯೆ ಏರಿದರೆ ನಿಯಮ ಮರಳಬಹುದು ಎಂದು ಮೊದಲೇ ತಿಳಿಸಿರಬೇಕು ಎಂಬುದು ಹಾಗೆ ಖಚಿತವಾಯಿತು. ಹೀಗೆ ಮೊದಲೇ ಹೇಳಿಟ್ಟ ಶಾಲೆಯ ಮಾತನ್ನು ಡಿಸೆಂಬರಿನಲ್ಲಿ ಪೋಷಕರು ಸಿಟ್ಟಿಲ್ಲದೆ ಕೇಳಿದರು.

ಸಡಿಲಿಕೆ ಎಲ್ಲರಿಗೂ ಒಂದೇ ರೀತಿ ಸಂತೋಷ ತರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಎರಡನೇ ಅಲೆಯಲ್ಲಿ ಮನೆಯ ಹಿರಿಯರನ್ನು ಕಳೆದುಕೊಂಡ ಮಕ್ಕಳು ನಮ್ಮ ತರಗತಿಗಳಲ್ಲಿದ್ದರು. ಡಯಾಲಿಸಿಸ್‌ಗೆ ಹೋಗುವ ತಂದೆ ಇರುವ ಹುಡುಗಿಯೊಬ್ಬಳು ಉಳಿದವರೆಲ್ಲ ಮಾಸ್ಕ್ ತೆಗೆದ ಮೇಲೂ ತಿಂಗಳುಗಟ್ಟಲೆ ಧರಿಸಿಯೇ ಬಂದಳು, ಊಟದ ಹೊತ್ತಿಗೆ ಕಟ್ಟೆಯ ತುದಿಯಲ್ಲಿ ಗಾಳಿ ಬರುವ ಕಡೆ ಕುಳಿತಳು. ಅವಳನ್ನು ಯಾರೂ ಹಾಸ್ಯ ಮಾಡದಂತೆ ನೋಡಿಕೊಳ್ಳುವುದು ತರಗತಿ ಶಿಕ್ಷಕರ ಹೊಣೆ ಎಂದು ಸಿಬ್ಬಂದಿ ಸಭೆಯಲ್ಲಿ ತೀರ್ಮಾನಿಸಿ, ಪೋಷಕರ ಸಂದೇಶದಲ್ಲೂ ಒಂದು ವಾಕ್ಯ ಸೇರಿಸಿದೆವು: ಮಾಸ್ಕ್ ಧರಿಸಲು ಇಚ್ಛಿಸುವ ಮಕ್ಕಳು ಧರಿಸಬಹುದು, ಅದರ ಕಾರಣವನ್ನು ಯಾರೂ ಕೇಳುವುದಿಲ್ಲ. ಆ ಒಂದು ವಾಕ್ಯಕ್ಕೆ ಬಂದಷ್ಟು ಕೃತಜ್ಞತೆಯ ಫೋನ್ ಕರೆಗಳು ನಮ್ಮ ಬೇರಾವ ಸಂದೇಶಕ್ಕೂ ಬರಲಿಲ್ಲ.

ಇನ್ನೊಂದು ಬಗೆಯ ಮನೆಗಳಿಗೆ ಆರೋಗ್ಯದ ಚಿಂತೆಗಿಂತ ಬೇರೆಯದೇ ಚಿಂತೆ ಇತ್ತು. 2022ರ ಮೇ 16ರಂದು, ಎಂದಿಗಿಂತ ಎರಡು ವಾರ ಮುಂಚೆಯೇ, ತಪ್ಪಿಹೋದ ಪಾಠಗಳನ್ನು ತುಂಬಿಕೊಡುವ ಕಲಿಕಾ ಚೇತರಿಕೆಯ ವರ್ಷವಾಗಿ ಶಾಲೆಗಳು ಆರಂಭವಾದವು. ಆಗಲೂ ಕೋಳಿ ಫಾರಂಗೆ, ಗಾರೆ ಕೆಲಸಕ್ಕೆ ಹೋಗುತ್ತಿದ್ದ ದೊಡ್ಡ ಹುಡುಗರು ನಮ್ಮಲ್ಲಿ ಕೆಲವರು ಉಳಿದಿದ್ದರು. ನಿಯಮ ಸಡಿಲವಾಗಿದೆ ಎಂಬ ಸಂದೇಶ ಅವರ ಮನೆಗೆ ಏನನ್ನೂ ಹೇಳುವುದಿಲ್ಲ. ಅವರ ಬಾಗಿಲಿಗೆ ನಾವೇ ಹೋಗಿ, ಎರಡು ವರ್ಷ ತಪ್ಪಿದ ಪಾಠವನ್ನು ಮೊದಲಿನಿಂದ ಹೇಳಿಕೊಡುತ್ತೇವೆ, ತರಗತಿಯಲ್ಲಿ ಯಾರೂ ಅವಮಾನ ಮಾಡುವುದಿಲ್ಲ ಎಂದು ತಂದೆತಾಯಿಗೆ ಮಾತು ಕೊಡಬೇಕಾಯಿತು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಇನ್ನು ಜಾಗತಿಕ ತುರ್ತುಸ್ಥಿತಿಯಲ್ಲ ಎಂದು ಘೋಷಿಸಿದ ಮೇಲೆ ನಮ್ಮ ವಾಟ್ಸಾಪ್ ಗುಂಪು ಮೊದಲಿನಂತೆ ಪರೀಕ್ಷೆ, ಕ್ರೀಡಾಕೂಟ, ವಿದ್ಯಾರ್ಥಿವೇತನಗಳ ಗುಂಪಾಯಿತು. 2025ರ ಮೇ ಕೊನೆಯಲ್ಲಿ ಪ್ರಕರಣಗಳು ಮತ್ತೆ ಕಾಣಿಸಿಕೊಂಡಾಗ, ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳುಹಿಸಬೇಡಿ, ಲಕ್ಷಣಗಳೊಂದಿಗೆ ಬಂದ ಮಕ್ಕಳನ್ನು ಪೋಷಕರಿಗೆ ತಿಳಿಸಿ ಮನೆಗೆ ಕಳುಹಿಸಿ ಎಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಡೇರಿಯಲ್ಲಿ ಆ ಅಜ್ಜಿ ಕೇಳಿದ ಪ್ರಶ್ನೆಗೆ ಈ ಸಲ ಸುತ್ತೋಲೆಯೇ ನೇರವಾಗಿ ಉತ್ತರ ಕೊಟ್ಟಿತ್ತು. ನಾವು ಅದಕ್ಕೆ ಸೇರಿಸಿದ್ದು ಎರಡೇ ಮಾತು: ತಪ್ಪಿದ ಪಾಠದ ಟಿಪ್ಪಣಿಯನ್ನು ಪಕ್ಕದ ಮನೆಯ ಸಹಪಾಠಿಯ ಕೈಯಲ್ಲಿ ಕಳುಹಿಸುತ್ತೇವೆ, ಫೋನ್ ಇಲ್ಲದವರು ಡೇರಿಯ ಕಾರ್ಯದರ್ಶಿಯವರ ಬಳಿ ಹೇಳಿ ಹೋದರೂ ಸಾಕು, ಶಾಲೆಗೆ ತಿಳಿಯುತ್ತದೆ.