ರೋಗ ಬಂದ ಜಿಂಕೆಯನ್ನು ತೋಳ ತಿಂದರೆ ಮುಗೀತಲ್ಲ, ಲೆಕ್ಕ ಯಾಕೆ?

ಕಾಡುಪ್ರಾಣಿಗಳಲ್ಲಿ ರೋಗ ಹೇಗೆ ಹರಡುತ್ತದೆ ಎಂದು ಗಣಿತದಲ್ಲಿ ಬರೆಯುವುದು ನನ್ನ ಕೆಲಸ. ಹಾಗೆಂದ ಕೂಡಲೇ ನೆಂಟರೆಲ್ಲ ಕೇಳುವುದು ಒಂದೇ. ಸೋದರಮಾವನ ಮಾತಲ್ಲೇ ಹೇಳುತ್ತೇನೆ: "ಅಲ್ಲಯ್ಯಾ, ಕಾಯಿಲೆ ಬಿದ್ದ ಜಿಂಕೆಗೆ ಓಡಕ್ಕಾಗಲ್ಲ. ತೋಳ ಅದನ್ನೇ ಹಿಡಿದು ತಿನ್ನುತ್ತೆ. ರೋಗ ಅಲ್ಲಿಗೆ ಮುಗೀತು. ಇದಕ್ಕೊಂದು ಸಮೀಕರಣ ಬೇರೆ ಬೇಕಾ?"

ಮಾವ ಹೇಳಿದ್ದು ಅರ್ಧ ಸರಿ. ಸುಮ್ನೆ ಊಹೆಯ ಅಂಕಿ ಇಟ್ಟುಕೊಂಡು ನೋಡೋಣ. ರೋಗ ತಗುಲಿದ ಜಿಂಕೆ 10 ದಿನ ಬದುಕುತ್ತದೆ, 5 ದಿನಕ್ಕೆ ಒಂದರಂತೆ ಬೇರೆ ಜಿಂಕೆಗಳಿಗೆ ಅಂಟಿಸುತ್ತದೆ ಎನ್ನಿ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ರೋಗ ಹಿಂಡನ್ನೆಲ್ಲ ಹಬ್ಬುತ್ತದೆ. ತೋಳ 4ನೇ ದಿನಕ್ಕೇ ಅದನ್ನು ಮುಗಿಸಿದರೆ? ಒಂದರಿಂದ ಸರಾಸರಿ 0.8 ಜಿಂಕೆಗೆ ಅಂಟುತ್ತದೆ, ಅಷ್ಟೇ. ಒಂದಕ್ಕಿಂತ ಕಡಿಮೆ, ಹಾಗಾಗಿ ರೋಗ ತಾನಾಗಿ ಆರುತ್ತದೆ. ತೋಳ ಸೋಮಾರಿಯಾಗಿ 6ನೇ ದಿನ ಬಂತೋ, 1.2. ಮತ್ತೆ ಹಬ್ಬುತ್ತದೆ! ಎರಡೇ ದಿನದ ವ್ಯತ್ಯಾಸ. ಕಣ್ಣಂದಾಜಿಗೆ ಇದು ಸಿಗಲ್ಲ, ಅಲ್ವಾ?

ಬೇಟೆಯ ಸಮೀಕರಣ, ಅಂದರೆ ತಿನ್ನುವ ಪ್ರಾಣಿ, ತಿನ್ನಿಸಿಕೊಳ್ಳುವ ಪ್ರಾಣಿಗಳ ಸಂಖ್ಯೆ ಹೇಗೆ ಏರಿಳಿಯುತ್ತದೆ ಎನ್ನುವ ಲೆಕ್ಕ, 1920ರ ದಶಕದಲ್ಲಿ ಲೋಟ್ಕಾ, ವೋಲ್ಟೆರಾ ಎಂಬ ವಿಜ್ಞಾನಿಗಳು ಬರೆದದ್ದು. ರೋಗದ್ದು 1927ರಲ್ಲಿ ಕರ್ಮ್ಯಾಕ್, ಮೆಕೆಂಡ್ರಿಕ್ ಬರೆದದ್ದು. (ಅವರು ತಾಳೆ ನೋಡಿದ್ದು ಮುಂಬಯಿಯ ಪ್ಲೇಗ್ ಸಾವಿನ ಲೆಕ್ಕದ ಜೊತೆ.) ನಾವು ಎರಡನ್ನೂ ಸೇರಿಸಿ ಹೊಲಿಯುತ್ತೇವೆ.

ಇನ್ನು ಮಾವ ಮರೆತ ಅರ್ಧ. ತೋಳಕ್ಕೇ ರೋಗ ಬಂದರೆ? ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪವಿದೆ. 1980ರಲ್ಲಿ ಅಲ್ಲಿ 50 ತೋಳಗಳಿದ್ದವು. ನಾಯಿಗಳಿಗೆ ಬರುವ ಪಾರ್ವೊ ವೈರಸ್ ಹೇಗೋ ಒಳಗೆ ಬಂತು. ಯಾರೋ ಜೊತೆಗೆ ತಂದ ನಾಯಿಯಿಂದ ಎಂದು ಅಂದಾಜು. 1982ಕ್ಕೆ ಉಳಿದದ್ದು 14. ಅಲ್ಲಿಯ ಮೂಸ್‌ಗಳನ್ನು (ನಮ್ಮ ಕಡವೆಯ ದೊಡ್ಡಣ್ಣ ಎನ್ನಿ) ಆ ವೈರಸ್ ಮುಟ್ಟಲೇ ಇಲ್ಲ. ಆದರೆ ತಿನ್ನುವವರು ಕಡಿಮೆಯಾದರಲ್ಲ, ಅವು ಹೆಚ್ಚುತ್ತಾ ಹೋಗಿ 1995ರ ಹೊತ್ತಿಗೆ ಸುಮಾರು 2,400 ಆದವು. ಮೇವು ಸಾಲಲಿಲ್ಲ. 1996ರ ಕಡು ಚಳಿ, ಹಸಿವು, ಉಣ್ಣಿಗಳ ಕಾಟ ಎಲ್ಲ ಒಟ್ಟಿಗೆ ಬಂದವು. 1997ರಲ್ಲಿ ಎಣಿಸಿದರೆ ಸುಮಾರು 500. ತೋಳಕ್ಕೆ ಬಂದ ಕಾಯಿಲೆ ಹದಿನೈದು ವರ್ಷದ ಮೇಲೆ ಮೂಸ್‌ಗಳ ಹೊಟ್ಟೆಗೆ ಹೊಡೆಯಿತು.

ಮಾವನಿಗೆ ನಾನು ಕೊನೆಗೆ ಹೇಳುವುದು ಹೆಜ್ಜಾರ್ಲೆಗಳ ಕಥೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಟನ್ ಸೀ ಎಂಬ ಉಪ್ಪುನೀರಿನ ಸರೋವರದಲ್ಲಿ ಕಾಯಿಲೆ ಬಿದ್ದ ತಿಲಾಪಿಯಾ ಮೀನುಗಳು ಮೇಲೆ ತೇಲತೊಡಗಿದವು. ಹಕ್ಕಿಗಳು ಥೇಟ್ ಮಾವ ಹೇಳಿದಂತೆಯೇ ಮಾಡಿದವು, ಸುಲಭಕ್ಕೆ ಸಿಕ್ಕಿದ್ದನ್ನೇ ತಿಂದವು. ಮೀನಿನೊಳಗೆ ಬಾಟುಲಿಸಂ ವಿಷವಿತ್ತು. ಸಾವಿರಾರು ಹಕ್ಕಿಗಳು ಸತ್ತವು. ಕೋಲ್ಕತ್ತದ ಗಣಿತಜ್ಞರು ಇದಕ್ಕೂ ಸಮೀಕರಣ ಬರೆದರು. ನನಗೆ ಈ ಹುಚ್ಚು ಹತ್ತಿದ್ದು ಅದನ್ನು ಓದಿಯೇ.